ಒಂದು ದಿನ, ಎಂಟು ಪಾಯಿಂಟ್

ಬೆಳಗಿನ ಜಾವ ನಾಲ್ಕೂವರೆಗೆ ಮಸ್ಕತ್‌ನ ರೂವಿ ಬಿಡುವುದು. ಕುರಿಯಾತ್ ಹತ್ತಿರದ ವಾದಿ ದೈಕಾ ಅಣೆಕಟ್ಟು, ಇಪ್ಪತ್ತು ನಿಮಿಷ. ಬಿಮ್ಮಾದ ನೀರುಗುಂಡಿ, ಅರ್ಧ ಗಂಟೆ. ವಾದಿ ಶಾಬ್, ಒಂದೂವರೆ ಗಂಟೆ, ಈಜುವವರು ಬೇಗ ಮುಗಿಸಬೇಕು. ಕಲ್ಹಾತ್, ಗಾಡಿಯಿಂದ ಇಳಿಯೋದು ಬೇಡ. ಸೂರ್‌ನಲ್ಲಿ ಬಿರಿಯಾನಿ. ಆಮೇಲೆ ರಾಸ್ ಅಲ್ ಹದ್, ವಾದಿ ಬನಿ ಖಾಲಿದ್, ಕೊನೆಗೆ ಬಿದಿಯಾದ ಮರಳುಗುಡ್ಡದ ಮೇಲೆ ಸೂರ್ಯಾಸ್ತ. ರಾತ್ರಿ ಹನ್ನೊಂದಕ್ಕೆ ಮನೆ. ಒಟ್ಟು ಎಂಟು ಪಾಯಿಂಟ್, ಆರು ನೂರು ಕಿಲೋಮೀಟರ್ ಆಸುಪಾಸು.

ಒಮಾನಿನಲ್ಲಿ ಅಕ್ಟೋಬರ್ ಬಂದು ಸೆಕೆ ಇಳಿಯಿತು ಅಂದರೆ ಸಾಕು, ಇಂಥ ಪಟ್ಟಿಗಳು ನಮ್ಮವರ ಫೋನಿನಿಂದ ಫೋನಿಗೆ ಹಾರಾಡುತ್ತವೆ. ಪಟ್ಟಿ ಮುಗಿಸಿ ಬಂದವರನ್ನು ಶನಿವಾರ ಕೇಳಿ ನೋಡಿ, 'ಹೇಗಿತ್ತು?' ಅಂತ. 'ರೋಡು ಸೂಪರ್ ಗುರು. ಬಾಕಿ ಏನಿಲ್ಲ, ಬರೀ ಕಲ್ಲು, ಮಣ್ಣು. ಖಾಲಿ ದೇಶ.'

ನನ್ನ ತಕರಾರು ಇರೋದು ಈ 'ಖಾಲಿ' ಅನ್ನೋ ಮಾತಿನ ಮೇಲೆ. ಗಂಟೆಗೆ ನೂರಿಪ್ಪತ್ತರಲ್ಲಿ ಎಸಿ ಹಾಕ್ಕೊಂಡು ಹೋಗುವವನಿಗೆ ಯಾವ ದೇಶವಾದರೂ ಖಾಲಿಯಾಗಿಯೇ ಕಾಣುತ್ತೆ. ಅದೇ ವೇಗದಲ್ಲಿ ಹಿರಿಯೂರು, ಚಿತ್ರದುರ್ಗ ದಾಟುವವರೂ 'ಇಲ್ಲಿ ಏನಿದೆ, ಬರೀ ಬಯಲು' ಅಂತಾರೆ. ಅಲ್ಲಿಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ನನಗೆ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತೆ. ಇದು ಬರೀ ಅಭಿರುಚಿಯ ಜಗಳವಾಗಿದ್ದರೆ ಬರೀತಿರಲಿಲ್ಲ. ಖಾಲಿ ಅಂದುಕೊಂಡು ಓಡಾಡುವವರು ಊರಿನವರ ನೀರು ಕೆಡಿಸುತ್ತಾರೆ, ಕೆಲವೊಮ್ಮೆ ಜೀವವನ್ನೂ ಕಳೆದುಕೊಳ್ಳುತ್ತಾರೆ.

ಮೊದಲು ವಾದಿ ಅನ್ನೋ ಪದ. ನಮ್ಮಲ್ಲಿ ವಾದಿ ಅಂದರೆ ಕೋರ್ಟಿಗೆ ಹೋದವನು. ಅರಬ್ಬಿಯಲ್ಲಿ ಅದು ನಮ್ಮ ಹಳ್ಳ. ವರ್ಷದ ಬಹುಪಾಲು ಒಣಗಿದ ಕಲ್ಲಿನ ಹಾಸು, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ಮಸ್ಕತ್‌ಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 100 ಮಿ.ಮೀ. ಬರಗಾಲಕ್ಕೆ ಹೆಸರಾದ ನಮ್ಮ ಚಳ್ಳಕೆರೆಯಲ್ಲೂ ಅದರ ನಾಲ್ಕು ಪಟ್ಟು ಬೀಳುತ್ತೆ. ಆದರೆ ಆ ನೂರು ಮಿ.ಮೀ. ವರ್ಷವಿಡೀ ಹಂಚಿಕೊಂಡು ಬರಲ್ಲ. ಒಂದೆರಡು ದಿನದಲ್ಲಿ ಸುರಿದುಬಿಡಬಹುದು. ಹಜರ್ ಬೆಟ್ಟಸಾಲಿನ ಮೇಲೆ ಮಣ್ಣಿಲ್ಲ, ಹುಲ್ಲಿಲ್ಲ, ಬರೀ ಬಂಡೆ. ಮೇಲೆ ಬಿದ್ದ ನೀರನ್ನು ಹಿಡಿಯುವವರು ಯಾರೂ ಇಲ್ಲ. ಬೆಟ್ಟದ ಆಚೆ ಮಳೆಯಾಗಿ, ಈಚೆ ಆಕಾಶ ನೀಲಿಯಾಗಿದ್ದಾಗಲೇ ಹಳ್ಳದಲ್ಲಿ ನೀರು ಗೋಡೆಯ ಹಾಗೆ ಬರುತ್ತೆ. ಟಯರಿನ ಅರ್ಧ ಮುಳುಗುವಷ್ಟು ಹರಿವ ನೀರು ಸಾಕು, ಕಾರು ತೇಲಿ ಪಕ್ಕಕ್ಕೆ ಸರಿಯೋಕೆ.

ಇದು ಅಲ್ಲಿನವರಿಗೆ ಗೊತ್ತು. ಅದಕ್ಕೇ ರಸ್ತೆ ಹಳ್ಳಕ್ಕೆ ಇಳಿಯುವ ಕಡೆ ಬಣ್ಣ ಬಳಿದ ಕಂಬ ನಿಲ್ಲಿಸಿದ್ದಾರೆ, ನೀರು ಕೆಂಪು ಮುಟ್ಟಿದರೆ ನಿಲ್ಲು ಅಂತ. ಹರಿಯುವ ವಾದಿಗೆ ಬೇಕಂತಲೇ ಗಾಡಿ ಇಳಿಸಿದರೆ ಕಾನೂನಿನ ಪ್ರಕಾರ ಅಪರಾಧ, ಜೈಲಿಗೂ ಹೋಗಬೇಕಾಗುತ್ತೆ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಎಂಬ ಊರಿನ ಹತ್ತಿರ ಶಾಲಾ ಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು. ಅವರು ಅದೇ ಊರಿನ ಮಕ್ಕಳು. ಹಳ್ಳದ ಗುಣ ಗೊತ್ತಿದ್ದ ಊರಿಗೇ ಹೀಗಾದ ಮೇಲೆ, ಎಂಟನೇ ಪಾಯಿಂಟಿಗೆ ಕತ್ತಲಾಗುವ ಮೊದಲು ಮುಟ್ಟಲೇಬೇಕು ಅಂತ ಹೊರಟವರ ಕಥೆ ಏನು? ಪಟ್ಟಿಯಲ್ಲಿ ಮಳೆಗೆ ಜಾಗವಿಲ್ಲ. ತಡವಾಗಿದೆ, ಮುಂದಿನ ಗಾಡಿ ದಾಟಿತಲ್ಲ, ನಾವೂ ದಾಟೋಣ ಅನ್ನೋದು ಪಟ್ಟಿ ಹೇಳಿಸುವ ಮಾತು.

ದಕ್ಷಿಣದ ಸಲಾಲಾದ ಕಡೆ ಮುಗ್ಸೈಲ್ ಕಡಲತೀರ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನಮ್ಮ ಮುಂಗಾರಿನದೇ ತುಣುಕೊಂದು ತಾಗಿ ಗುಡ್ಡಗಳು ಹಸಿರಾಗುತ್ತವೆ, ಕಡಲು ಹುಚ್ಚೇಳುತ್ತೆ. 2022ರ ಜುಲೈನಲ್ಲಿ ತಡೆಬೇಲಿ ದಾಟಿ ಫೋಟೋಕ್ಕೆ ಹೋದ ಎಂಟು ಪ್ರವಾಸಿಗಳನ್ನು ಅಲೆ ಎಳೆದುಕೊಂಡಿತು. ಮೂವರನ್ನು ಉಳಿಸಿಕೊಳ್ಳಲು ಆಯಿತು. ಸತ್ತವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಬೇಲಿ ಹಾಕಿದವನಿಗೆ ನಮಗಿಂತ ಹೆಚ್ಚು ಗೊತ್ತು ಅನ್ನೋ ಸಣ್ಣ ಮರ್ಯಾದೆ ನಮ್ಮ ಪ್ರವಾಸದಲ್ಲಿ ಯಾಕೆ ಇಲ್ಲ ಅನ್ನೋದು ಪ್ರಶ್ನೆ.

ಈಗ ನೀರಿನ ವಿಷಯಕ್ಕೆ ಬರ್ತೀನಿ. ನನಗೆ ನಿಜಕ್ಕೂ ಸಿಟ್ಟಿರೋದು ಅಲ್ಲಿ.

ನಿಜ್ವಾ ದಾರಿಯಲ್ಲಿ ಬಿರ್ಕತ್ ಅಲ್ ಮೌಜ್ ಅಂತ ಒಂದು ಊರು. ನಮ್ಮವರಿಗೆ ಈ ಊರು ಗೊತ್ತಿರೋದು ಜಬಲ್ ಅಖ್ದರ್ ಬೆಟ್ಟ ಹತ್ತುವ ಮೊದಲು ಪೊಲೀಸರು 'ಫೋರ್ ವೀಲ್ ಡ್ರೈವ್ ಇದೆಯಾ' ಅಂತ ಗಾಡಿ ನೋಡುವ ಚೆಕ್‌ಪೋಸ್ಟ್ ಆಗಿ. ಅದೇ ಊರಿನಲ್ಲಿ ಫಲಜ್ ಅಲ್ ಖತ್ಮೈನ್ ಇದೆ. ಫಲಜ್ ಅಂದರೆ ಬೆಟ್ಟದ ಬುಡದಲ್ಲಿ ನೆಲದಡಿಯ ನೀರನ್ನು ಹಿಡಿದು, ಕೂದಲೆಳೆಯಷ್ಟು ಇಳಿಜಾರು ಕೊಟ್ಟು, ಸುರಂಗದಲ್ಲಿ ಕಿಲೋಮೀಟರ್‌ಗಟ್ಟಲೆ ತಂದು ಊರಿಗೆ ಹರಿಸುವ ಕಾಲುವೆ. ಪಂಪಿಲ್ಲ, ಕರೆಂಟಿಲ್ಲ. ಒಮಾನಿನಲ್ಲಿ ಇಂಥ ಸುಮಾರು ಮೂರು ಸಾವಿರ ಫಲಜ್ ಇನ್ನೂ ಹರಿಯುತ್ತಿವೆ. ಅವುಗಳಲ್ಲಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಖತ್ಮೈನ್ ಅದರಲ್ಲೊಂದು. ಊರೊಳಗೆ ಬಂದ ಮೇಲೆ ಆ ನೀರು ಮೂರು ಕವಲಾಗುತ್ತೆ, ಮೂರರಲ್ಲೂ ಸಮ ಪ್ರಮಾಣ. ಮೀಟರ್ ಇಲ್ಲದೆ, ವಾಲ್ವ್ ಇಲ್ಲದೆ, ಬರೀ ಕಲ್ಲು ಗಾರೆಯಲ್ಲಿ. ಸಾಫ್ಟ್‌ವೇರಿನಲ್ಲಿ ಲೋಡ್ ಬ್ಯಾಲೆನ್ಸರ್ ಅಂತ ನಾವು ದೊಡ್ಡದಾಗಿ ಹೇಳಿಕೊಳ್ಳುವ ಕೆಲಸ ಅದು.

ನೀರು ಹಂಚುವ ಕ್ರಮ ಇನ್ನೂ ಚೆಂದ. ಸುರಂಗದಿಂದ ನೀರು ಬಯಲಿಗೆ ಬರುವ ಮೊದಲ ಜಾಗ ಕುಡಿಯೋಕೆ. ಅಲ್ಲಿ ಕೈಕಾಲು ಅದ್ದುವಂತಿಲ್ಲ. ಅದರ ಕೆಳಗೆ ಮಸೀದಿ, ಸ್ನಾನದ ಕಟ್ಟೆ, ಬಟ್ಟೆ ಪಾತ್ರೆ. ಆಮೇಲೆ ಖರ್ಜೂರದ ತೋಟ. ಕೊನೆಯಲ್ಲಿ ನೀರಿದ್ದರೆ ಮಾತ್ರ ಬಿತ್ತುವ ಬಯಲು. ನೀರು ಕಮ್ಮಿಯಾದ ವರ್ಷ ಬಯಲನ್ನು ಬಿಡುತ್ತಾರೆ, ತೋಟ ಉಳಿಸಿಕೊಳ್ಳುತ್ತಾರೆ. ತೋಟಕ್ಕೆ ನೀರು ಅಳೆಯೋದು ಲೀಟರಿನಲ್ಲಿ ಅಲ್ಲ, ಹೊತ್ತಿನಲ್ಲಿ. ಅರ್ಧ ಗಂಟೆಯ ಪಾಲಿಗೆ 'ಅಥರ್' ಅಂತ ಹೆಸರು. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಾಯಿಸುತ್ತಿದ್ದರು; ಈಗ ಹೆಚ್ಚಿನ ಕಡೆ ಕೈಗಡಿಯಾರ. ಕೆಲವು ಪಾಲನ್ನು ಹರಾಜು ಹಾಕಿ, ಬಂದ ದುಡ್ಡಲ್ಲಿ ಕಾಲುವೆ ರಿಪೇರಿ. ಇದನ್ನೆಲ್ಲ ನೋಡಿಕೊಳ್ಳಲು ಊರವರೇ ನೇಮಿಸಿದ ಒಬ್ಬ ವಕೀಲ್ ಇರುತ್ತಾನೆ. ಕೋರ್ಟಿನ ವಕೀಲ ಅಲ್ಲ, ಫಲಜ್‌ನ ಕಾರಭಾರಿ.

ಯಾರ ನೆನಪು ಬಂತು ಹೇಳಿ? ನಮ್ಮ ಕೆರೆಗಳ ನೀರುಗಂಟಿ! ತೂಬು ಎತ್ತುವವನು, ಯಾರ ಗದ್ದೆಗೆ ಯಾವ ಹೊತ್ತು ಎಷ್ಟು ನೀರು ಅಂತ ನಿರ್ಧರಿಸುವವನು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತಗೊಂಡು ಹೋಗುವವನು. ಗೌಡರ ಗದ್ದೆ ಅಂತ ಹೆಚ್ಚು ಬಿಟ್ಟರೆ ಊರೇ ಕೇಳುತ್ತಿತ್ತು. ನನ್ನ ಕಾಲಕ್ಕೆ ಆ ಕೆಲಸ ಹೆಸರಿಗೆ ಮಾತ್ರ ಉಳಿದಿತ್ತು. ಬೋರ್‌ವೆಲ್ ಬಂದ ಮೇಲೆ ತೂಬಿನ ಹಂಗು ಯಾರಿಗೆ ಬೇಕು? ಕೆರೆಯಲ್ಲಿ ಹೂಳು, ಅಚ್ಚುಕಟ್ಟಿನಲ್ಲಿ ಸೈಟು. ಅಷ್ಟೇ ಯಾಕೆ, ಫಲಜ್‌ನ ಒಡಹುಟ್ಟಿದ್ದೇ ನಮ್ಮ ಬೀದರ್‌ನಲ್ಲಿದೆ. ಬಹಮನಿ ಕಾಲದ ನೌಬಾದ್ ಕರೇಜ್, ಅದೇ ನೆಲದಡಿಯ ಕಾಲುವೆ, ಅದೇ ಗಾಳಿಬಾವಿಗಳು. ದಕ್ಷಿಣ ಕನ್ನಡದ ಅಡ್ಯನಡ್ಕದ ಹತ್ತಿರ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡದೊಳಗೆ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಅಂದರೆ ಒಮಾನಿನ ಈ ಕಾಲುವೆ ಕನ್ನಡದವರಿಗೆ ಅರ್ಥವಾಗದ ವಿಚಿತ್ರ ಅಲ್ಲವೇ ಅಲ್ಲ. ಬೇರೆ ಯಾರಿಗಿಂತ ಮೊದಲು ನಮಗೆ ಅರ್ಥವಾಗಬೇಕಾದದ್ದು.

ಅಂಥ ಕಾಲುವೆಯಲ್ಲಿ ನಮ್ಮವರು ಏನು ಮಾಡ್ತಾರೆ? ಸೋಪು ಹಚ್ಚಿಕೊಂಡು ಸ್ನಾನ. ಬಿರಿಯಾನಿ ಪಾತ್ರೆ ತೊಳೆಯೋದು. ಮಗುವಿನ ಡೈಪರ್ ಬದಲಾಯಿಸಿ ಅಲ್ಲೇ ಕೈ ತೊಳೆಯೋದು. ಮೇಲಿನ ಕಟ್ಟೆ ಯಾವುದು, ಕೆಳಗಿನದು ಯಾವುದು ಅಂತ ಕೇಳುವ ಗೋಜಿಲ್ಲ, ಯಾಕಂದ್ರೆ ಕಣ್ಣಿಗೆ ಅದು 'ನ್ಯಾಚುರಲ್ ಪೂಲ್'. ಕೆಳಗೆ ಇಡೀ ಊರು ಅದೇ ನೀರಿನ ಸರದಿಗೆ ಕಾಯ್ತಿರುತ್ತೆ ಅನ್ನೋದು ಗೊತ್ತಾಗೋಕೆ ಅಲ್ಲಿ ಅರ್ಧ ಗಂಟೆಯಾದರೂ ಸುಮ್ಮನೆ ಕೂರಬೇಕು. ಅರ್ಧ ಗಂಟೆ ಪಟ್ಟಿಯಲ್ಲಿಲ್ಲ. ತೋಟದ ಬಾಯಿಗೆ ಗಾಡಿ ನಿಲ್ಲಿಸೋದು, ಕೇಳದೆ ಹೆಂಗಸರ ಫೋಟೋ ತೆಗೆಯೋದು, ಚಡ್ಡಿಯಲ್ಲಿ ಮಸೀದಿ ಮುಂದೆ ಓಡಾಡೋದು, ಕಾರಿನ ಬಾಗಿಲು ನಾಲ್ಕೂ ತೆಗೆದು ಹಾಡು ಹಾಕೋದು ಇವೆಲ್ಲ ಅದೇ ಕಾಯಿಲೆಯ ಬೇರೆ ಬೇರೆ ಲಕ್ಷಣ. ನಮ್ಮೂರ ಕೆರೆ ಏರಿ ಮೇಲೆ ಬೆಂಗಳೂರಿನಿಂದ ಬಂದ ಹುಡುಗರು ಬಾಟಲಿ ಒಡೆದು ಹೋದರೆ ಫೇಸ್‌ಬುಕ್ಕಿನಲ್ಲಿ ಪುಟಗಟ್ಟಲೆ ಬರೆಯುವವರೂ ಇದನ್ನು ಮಾಡ್ತಾರೆ, ಅದೇ ಸೋಜಿಗ.

ಇನ್ನು ಮರಳಿನ ಕಡೆ. ಶರ್ಖಿಯಾದ ಮರಳುಗಾಡಿಗೆ ಹೋದವರು ಟಯರಿನ ಗಾಳಿ ಇಳಿಸುವುದರಿಂದ ಹಿಡಿದು ಗುಡ್ಡ ಹತ್ತಿಸುವವರೆಗೆ ಎಲ್ಲ ವೀಡಿಯೊ ಮಾಡ್ತಾರೆ. ಅಲ್ಲಿ ನಿಂತಿರುವ ಮರ ಯಾವುದು ಅಂತ ನೋಡಲ್ಲ. ಅರಬ್ಬಿಯಲ್ಲಿ ಅದು ಗಾಫ್. ಸ್ವಾಮಿ, ಅದು ನಮ್ಮ ಬನ್ನಿ! ಅದೇ ಶಮಿ, ವಿಜಯದಶಮಿಗೆ ಸುತ್ತು ಹಾಕಿ ಎಲೆ ಕಿತ್ತು 'ಬನ್ನಿ ತಗೊಂಡು ಬಂಗಾರದ ಹಾಗಿರೋಣ' ಅಂತೀವಲ್ಲ, ಅದೇ ಜಾತಿ. ಬೇರು ಆಳಕ್ಕೆ ಇಳಿಸಿ ಮರಳನ್ನು ಹಿಡಿದು ನಿಲ್ಲಿಸುತ್ತೆ, ಒಂಟೆ ಮೇಕೆಗೆ ಮೇವು, ಬೆದುಯಿನ್ ಜನಕ್ಕೆ ನೆರಳು. ಅಕ್ಟೋಬರಿನಲ್ಲಿ ಬನ್ನಿಗೆ ಪೂಜೆ ಮಾಡಿದವರು ನವೆಂಬರಿನಲ್ಲಿ ಅದರ ಬುಡಕ್ಕೇ ಬಾರ್ಬೆಕ್ಯೂ ಇದ್ದಿಲು ಸುರಿದು ಬರ್ತಾರೆ.

ಕರಾವಳಿಯ ದಾರಿಯನ್ನೇ ತಗೊಳ್ಳಿ. 'ಗಾಡಿಯಿಂದ ಇಳಿಯೋದು ಬೇಡ' ಅಂತ ಪಟ್ಟಿಯಲ್ಲಿ ಬರೆದ ಕಲ್ಹಾತ್ ಇದೆಯಲ್ಲ, ಅಲ್ಲಿ ಈಗ ನಿಂತಿರೋದು ಬೀಬಿ ಮರಿಯಂ ಗೋರಿ ಒಂದೇ. ಸುತ್ತ ಕಲ್ಲಿನ ಗುಪ್ಪೆ. ಇದು ಹೋರ್ಮುಜ್ ರಾಜ್ಯದ ದೊಡ್ಡ ಬಂದರಾಗಿತ್ತು. ಇಬ್ನ್ ಬತೂತ ಬಂದಿದ್ದ ಊರು. ಇಲ್ಲಿಂದ ಭಾರತಕ್ಕೆ ಕುದುರೆ ಹಡಗು ಹೋಗುತ್ತಿದ್ದವು ಅಂತ ಮಾರ್ಕೊ ಪೋಲೊ ಬರೆದಿದ್ದಾನೆ. ಮುಂದೆ ವಿಜಯನಗರದ ದಂಡಿಗೆ ಭಟ್ಕಳ, ಗೋವೆಯ ಬಂದರುಗಳಲ್ಲಿ ಇಳಿದದ್ದು ಇದೇ ಅರಬ್ಬಿ ಕುದುರೆ ವ್ಯಾಪಾರದ ಕುದುರೆಗಳು. ಹಂಪಿಯ ಹಜಾರರಾಮ ಗುಡಿಯ ಗೋಡೆ ಮೇಲೆ ಸಾಲಾಗಿ ಕೆತ್ತಿದ ಕುದುರೆಗಳ ಮುಂದೆ ನಿಂತು ಸೆಲ್ಫಿ ತಗೊಂಡವರೇ, ಆ ವ್ಯಾಪಾರದ ಬಾಗಿಲಾಗಿದ್ದ ಊರನ್ನು ಕಿಟಕಿಯಿಂದ ನೋಡಿ ಮುಂದೆ ಹೋಗ್ತಾರೆ. 1508ರಲ್ಲಿ ಪೋರ್ಚುಗೀಸರು ಊರನ್ನು ಸುಟ್ಟರು. ಆ ಕಲ್ಲುಗುಪ್ಪೆ ಖಾಲಿಯಾಗಿಲ್ಲ, ಖಾಲಿ ಮಾಡಿಸಿದ್ದು. ಯುನೆಸ್ಕೋ ಪಟ್ಟಿಗೆ ಅದು 2018ರಲ್ಲಿ ಸೇರಿತು. ನಮ್ಮ ಎಂಟು ಪಾಯಿಂಟಿನ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ ನಿಮಿಷ.

ಪಕ್ಕದ ಸೂರ್ ಮರದ ಹಡಗು ಕಟ್ಟುವವರ ಊರು. ಹಡಗಿಗೆ ಬೇಕಾದ ತೇಗ ಬರ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಕಡೆಯಿಂದ, ಮಲಬಾರಿನ ಬಂದರುಗಳಿಂದ. ಆಚೆ ರಾಸ್ ಅಲ್ ಜಿಂಜ್‌ನಲ್ಲಿ ಹಸಿರು ಕಡಲಾಮೆಗಳು ದಡಕ್ಕೆ ಬಂದು ಮರಳು ತೋಡಿ ಮೊಟ್ಟೆಯಿಡುತ್ತವೆ. ಅವು ಬರೋದು ರಾತ್ರಿ. ಕತ್ತಲಲ್ಲಿ, ಮಾರ್ಗದರ್ಶಿಯ ಜೊತೆ, ಟಾರ್ಚು ಹಾಕದೆ, ಮಾತಾಡದೆ ನೋಡಬೇಕು. ಹಗಲು ಮೂರು ಗಂಟೆಗೆ ಅಲ್ಲಿ ಹೋಗಿ 'ಆಮೆ ಇಲ್ಲ, ಮೋಸ' ಅಂತ ಗೂಗಲ್‌ನಲ್ಲಿ ಒಂದು ನಕ್ಷತ್ರ ಕೊಟ್ಟು ಬರುವವರಿಗೆ ಏನು ಹೇಳೋಣ?

'ನಿಮಗೇನು ಗೊತ್ತು ಸಾರ್, ನಮಗಿರೋದು ಶುಕ್ರವಾರ ಶನಿವಾರ, ಮಕ್ಕಳ ಟ್ಯೂಷನ್ ಬೇರೆ' ಅಂತೀರಿ. ಒಪ್ಪಿದೆ. ನಾನೂ ಅದೇ ಮಸ್ಕತ್‌ನಲ್ಲಿ ಅದೇ ಎರಡು ದಿನದ ರಜೆಯವನು. ರಜೆ ಕಮ್ಮಿ ಅನ್ನೋದು ಒಂದು ಜಾಗ ನೋಡೋಕೆ ಕಾರಣ, ಎಂಟು ನೋಡೋಕೆ ಅಲ್ಲ. ಅಸಲಿಗೆ ಈ ರೋಗಕ್ಕೆ ಮೂರು ಅನುಕೂಲ ಸೇರಿವೆ: ಬೆಣ್ಣೆಯಂಥ ರಸ್ತೆ, ಲೀಟರಿಗೆ ಕಾಲು ರಿಯಾಲ್‌ಗಿಂತ ಅಗ್ಗದ ಪೆಟ್ರೋಲು, ಮತ್ತು ಫೋನಿನಲ್ಲಿರುವ ನಕಾಶೆ. ನಕಾಶೆ ಊರಿಂದೂರಿಗೆ ಎಷ್ಟು ನಿಮಿಷ ಅಂತ ಮಾತ್ರ ಹೇಳುತ್ತೆ. ಬಿಇ ಓದಿದವರಿಗೆ ಟ್ರಾವೆಲಿಂಗ್ ಸೇಲ್ಸ್‌ಮನ್ ಪ್ರಾಬ್ಲಮ್ ಗೊತ್ತಿರುತ್ತೆ, ಎಲ್ಲ ಊರೂ ಮುಟ್ಟಿ ಅತಿ ಕಮ್ಮಿ ದೂರದಲ್ಲಿ ಮನೆಗೆ ಬರೋದು ಹೇಗೆ ಅಂತ. ಆ ಸೇಲ್ಸ್‌ಮನ್‌ಗೆ ಊರು ನೋಡುವ ಕೆಲಸ ಇರಲಿಲ್ಲ, ಪಾಪ. ಮಾರಿ ಬರಬೇಕಿತ್ತು. ನಾವು ಕುಟುಂಬ ಸಮೇತ ಆ ಲೆಕ್ಕವನ್ನು ಬಿಡಿಸುತ್ತಾ ಹೋಗುತ್ತೇವೆ.

ಇನ್ನೊಂದು ವಾದ: 'ಒಮಾನಿ ಹುಡುಗರೇ ಲ್ಯಾಂಡ್ ಕ್ರೂಸರ್ ತಂದು ಹಳ್ಳಕ್ಕೆ ಹಾರಿಸ್ತಾರಲ್ಲ, ಅವರಿಗೆ ಹೇಳಿ.' ಹಾರಿಸ್ತಾರೆ, ನಿಜ. ಆ ಕಾನೂನು ಬಂದದ್ದೇ ಅವರಿಗಾಗಿಯೂ ಸೇರಿ. ಅವರ ಊರಿನ ಹಿರಿಯರು ಅವರನ್ನು ಬಯ್ಯುತ್ತಾರೆ, ಬಯ್ಯುವ ಹಕ್ಕು ಅವರಿಗಿದೆ. ನಾವು ಹೋಗಿರೋದು ದುಡಿಯೋಕೆ, ಬಾಡಿಗೆ ಮನೆಯಲ್ಲಿದ್ದೀವಿ. ಬಾಡಿಗೆ ಮನೆಯ ಬಾವಿಗೆ ಉಗುಳಿ 'ಓನರ್ ಮಗ ಉಗುಳ್ತಾನಲ್ಲ' ಅನ್ನೋಕಾಗುತ್ತಾ?

ಮತ್ತೆ ಆ ಅಣೆಕಟ್ಟು. ವಾದಿ ದೈಕಾದ ಮುಂದೆ ನಿಂತು 'ಇಷ್ಟೇನಾ, ನಮ್ಮ ಕೆಆರ್‌ಎಸ್ ಮುಂದೆ ಏನೂ ಅಲ್ಲ' ಅನ್ನೋದನ್ನ ನನ್ನ ಕಿವಿಯಾರ ಕೇಳಿದ್ದೀನಿ. ಅದರ ಸಾಮರ್ಥ್ಯ 10 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ ಮೂರೂವರೆ ಟಿಎಂಸಿ. ಕೆಆರ್‌ಎಸ್ 49 ಟಿಎಂಸಿ. ಸರಿ, ಚಿಕ್ಕದೇ. ಆದರೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲದ, ರಾಜಧಾನಿಯ ನಲ್ಲಿಗೆ ಕಡಲ ನೀರಿನ ಉಪ್ಪು ತೆಗೆದು ಬಿಡುವ ದೇಶದಲ್ಲಿ ಮೂರೂವರೆ ಟಿಎಂಸಿ ಅಂದರೆ ಏನು ಅಂತ ಕಾವೇರಿ ಜಗಳ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾ?

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು ಶುಕ್ರವಾರಕ್ಕೆ ಒಂದೇ ಊರು ಬರೆಯಿರಿ. ಕರಾವಳಿ ಬೇಕಾ, ವಾದಿ ಶಾಬ್ ಒಂದೇ ಸಾಕು. ಹೆದ್ದಾರಿ ಸೇತುವೆ ಕೆಳಗೆ ಗಾಡಿ ಬಿಟ್ಟು, ದೋಣಿಯವನಿಗೆ ಒಂದು ರಿಯಾಲ್ ಕೊಟ್ಟು ಆಚೆ ದಡಕ್ಕೆ ಹೋಗಿ. ಅಲ್ಲಿಂದ ಮುಕ್ಕಾಲು ಗಂಟೆ ನಡಿಗೆ. ಪಕ್ಕದಲ್ಲೇ ಬಂಡೆಗೆ ಅಂಟಿಕೊಂಡು ಸಣ್ಣ ಫಲಜ್ ಹರಿಯುತ್ತೆ, ಇದು ಸುರಂಗದ್ದಲ್ಲ, ಹಳ್ಳದ ಮೇಲ್ನೀರನ್ನೇ ತಿರುಗಿಸಿಕೊಂಡದ್ದು. ಅದರ ಜೊತೆ ನಡೆಯಿರಿ, ಅದರೊಳಗೆ ಬೇಡ. ಹಿಂದಿನ ದಿನ ಬೆಟ್ಟದಲ್ಲಿ ಮಳೆ ಸೂಚನೆ ಇತ್ತು ಅಂದರೆ ಹೋಗಲೇಬೇಡಿ, ಮನೆಯಲ್ಲಿ ದೋಸೆ ಹಾಕಿ.

ಒಳನಾಡು ಬೇಕಾ, ಬೆಳಿಗ್ಗೆ ಏಳಕ್ಕೆಲ್ಲ ನಿಜ್ವಾದ ಶುಕ್ರವಾರದ ಮೇಕೆ ಸಂತೆಯಲ್ಲಿರಿ. ಮಾಲೀಕರು ಮೇಕೆ ಹಿಡಿದುಕೊಂಡು ಸುತ್ತು ಹಾಕ್ತಾರೆ, ಕೊಳ್ಳುವವರು ನಡುವೆ ಕೂತು ಹಲ್ಲು ನೋಡಿ ಬೆಲೆ ಕೂಗ್ತಾರೆ. ಸಂತೆ ಕಂಡವರಿಗೆ ಭಾಷೆ ಬೇಕಾಗಲ್ಲ. ಅಲ್ಲಿಂದ ಮಸ್ಕತ್ ದಾರಿಯಲ್ಲೇ ಬಿರ್ಕತ್ ಅಲ್ ಮೌಜ್. ಗಾಡಿಯನ್ನು ರಸ್ತೆ ಬದಿಯಲ್ಲೇ ಬಿಟ್ಟು ಖರ್ಜೂರದ ತೋಟದೊಳಗೆ ನಡೆದು ಹೋಗಿ. ಕಾಲುವೆ ಎಲ್ಲಿ ಮೂರಾಗುತ್ತೆ ಅಂತ ಹುಡುಕಿ. ಸಿಗದಿದ್ದರೆ ಮಧ್ಯಾಹ್ನದ ನಮಾಜು ಮುಗಿಸಿ ಬರುವ ಯಾರಾದರೂ ಮುದುಕರಿಗೆ ಸಲಾಂ ಹೇಳಿ ಕೇಳಿ. ಕೈ ಹಿಡಿದು ಕರಕೊಂಡು ಹೋಗಿ ತೋರಿಸ್ತಾರೆ. ಆಮೇಲೆ ಕಾಫಿಗೆ ಕೂರಿಸ್ತಾರೆ, ಏಲಕ್ಕಿ ಹಾಕಿದ ಕಹ್ವಾ, ಜೊತೆಗೆ ಖರ್ಜೂರ. ಲೋಟ ಖಾಲಿಯಾದ ಹಾಗೆ ಮತ್ತೆ ತುಂಬಿಸುತ್ತಲೇ ಇರುತ್ತಾರೆ. ಸಾಕು ಅನ್ನಿಸಿದಾಗ ಲೋಟವನ್ನು ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ನಿಲ್ಲಿಸಲ್ಲ.